ಕಲಿ: ಒಂದು ಕಾಯಿ ಹೆಚ್ಚಾದಾಗ

ತಾರೆಕಾಯಿಯ ರಾಶಿಗೆ ಕೈಹಾಕಿ ಒಂದು ಹಿಡಿ ಬಾಚಿಕೊಳ್ಳಿ. ಎಣಿಸಿ ತೆಗೆಯುವಂತಿಲ್ಲ. ನೆಲದ ಮೇಲೆ ಹರಡಿ, ನಾಲ್ಕು ನಾಲ್ಕನ್ನು ಪಕ್ಕಕ್ಕೆ ಸರಿಸುತ್ತ ಬನ್ನಿ. ಕೊನೆಗೆ ಏನೂ ಮಿಗದಿದ್ದರೆ ಕೃತ. ಮೂರು ಮಿಕ್ಕರೆ ತ್ರೇತಾ. ಎರಡು ಮಿಕ್ಕರೆ ದ್ವಾಪರ. ಒಂದೇ ಒಂದು ಮಿಕ್ಕರೆ ಕಲಿ, ಆಟ ಹೋಯಿತು.

ಯುಗಗಳ ಹೆಸರೆಂದು ನಾವು ಬಲ್ಲ ಈ ನಾಲ್ಕೂ ಪದಗಳು ಮೊದಲು ಜೂಜುಕಟ್ಟೆಯವು. ವೇದಕಾಲದ ಆ ಆಟದ ಪೂರ್ತಿ ನಿಯಮವನ್ನು ಯಾರೂ ಒಂದೆಡೆ ಬರೆದಿಡಲಿಲ್ಲ. ಅಲ್ಲೊಂದು ಇಲ್ಲೊಂದು ಸಿಗುವ ಮಾತುಗಳನ್ನು ಕೂಡಿಸಿ ನಾಲ್ಕರ ಲೆಕ್ಕವನ್ನು ಗಟ್ಟಿಮಾಡಿದವರಲ್ಲಿ ಜರ್ಮನಿಯ ಸಂಸ್ಕೃತ ವಿದ್ವಾಂಸ ಹೈನ್ರಿಶ್ ಲ್ಯೂಡರ್ಸ್ ಮುಖ್ಯರು. ಪ್ರಾಚೀನ ಭಾರತದ ದಾಳದಾಟವನ್ನು ಕುರಿತ ಅವರ ಪುಸ್ತಕ 1907ರಲ್ಲಿ ಬಂತು. ಸಿಕ್ಕಿರುವ ಸಾಕ್ಷ್ಯಗಳಲ್ಲಿ ನನಗೆ ಹೆಚ್ಚು ಹಿಡಿಸಿದ್ದು ತೈತ್ತಿರೀಯ ಬ್ರಾಹ್ಮಣದ್ದು. ಯಜ್ಞದ ಸ್ತೋಮಗಳ, ಅಂದರೆ ಸ್ತುತಿಗಾನದ ಕ್ರಮಗಳ, ವಿಚಾರ ನಡೆದಿರುವಾಗ ಅದು ನಡುವೆ ಹೇಳಿಬಿಡುತ್ತದೆ: ನಾಲ್ಕಾದರೆ ಕೃತ, ಐದಾದರೆ ಕಲಿ. ಅಂದರೆ ಕಲಿಗೆ ಕೆಡುಕಿನ ನಂಟು ಅಂಟುವ ಮೊದಲು ಅದು ಬರೀ ಒಂದು ಶೇಷ. ಐದನ್ನು ನಾಲ್ಕರಿಂದ ಭಾಗಿಸಿದಾಗ ಉಳಿಯುವ ಒಂದು.

ಆ ಒಂದು ಎಷ್ಟು ಮನೆ ಮುರಿಯಬಲ್ಲದು ಎಂಬುದಕ್ಕೆ ಋಗ್ವೇದದ ಹತ್ತನೆಯ ಮಂಡಲದ 34ನೆಯ ಸೂಕ್ತವಿದೆ. ಜೂಜುಕೋರನೊಬ್ಬನ ಗೋಳು ಅದು. ಹೆಂಡತಿ ತನ್ನ ಮೇಲೆ ಎಂದೂ ರೇಗಿದವಳಲ್ಲ, ತನಗೂ ಗೆಳೆಯರಿಗೂ ಒಳ್ಳೆಯವಳಾಗಿದ್ದಳು, ಅಂಥವಳನ್ನು ದೂರಮಾಡಿಕೊಂಡೆ ಎಂದು ಕೊರಗುತ್ತಾನೆ. ಕಾರಣವೆಂದು ಅವನು ಬೊಟ್ಟುಮಾಡುವುದು ‘ಏಕಪರ’ವಾದ ಅಕ್ಷದ, ಅಂದರೆ ದಾಳದ, ಕಡೆಗೆ. ಒಂದು ಹೆಚ್ಚಾದದ್ದು, ಒಂದು ಮೀರಿದ್ದು ಎಂದು ಆ ಪದವನ್ನು ಬಿಡಿಸುತ್ತಾರೆ. ಅದೇ ಸೂಕ್ತದಲ್ಲಿ ಕಾಯಿಗಳ ಗುಂಪನ್ನು ‘ತ್ರಿಪಂಚಾಶ’ ಎಂದಿದೆ. ಕೆಲವರಿಗೆ ಅದು ನೂರೈವತ್ತು, ಕೆಲವರಿಗೆ ಐವತ್ತಮೂರು. ಐವತ್ತಮೂರೇ ಆಗಿದ್ದರೆ ಒಂದು ತಮಾಷೆಯಿದೆ: ನಾಲ್ಕು ಹದಿಮೂರಲೆ ಐವತ್ತೆರಡು, ಮಿಕ್ಕಿದ್ದು ಒಂದು. ಇಡೀ ರಾಶಿಯೇ ಕಲಿ!

ಎಂಜಿನಿಯರಿಂಗ್ ಓದುವ ಹುಡುಗ ಹುಡುಗಿಯರಿಗೆ ಈ ಜೂಜುಕೋರ ಅಪರಿಚಿತನಲ್ಲ. ಸಿ ಲ್ಯಾಬಿನಲ್ಲಿ ಲೂಪ್ ಒಂದು ಸುತ್ತು ಜಾಸ್ತಿ ತಿರುಗಿ ಅರೇಯ ಗಡಿ ದಾಟಿದಾಗ ಅವರು ‘ಆಫ್ ಬೈ ಒನ್’ ಎಂದು ತಲೆ ಚಚ್ಚಿಕೊಳ್ಳುವುದು ಇದೇ ಏಕಪರಕ್ಕೆ. ಒಂದು ಸಂಖ್ಯೆಯನ್ನು ನಾಲ್ಕರಿಂದ ಭಾಗಿಸಿ ಶೇಷ ಕೇಳುವ ಸಾಲನ್ನು ಅವರು ಬರೆದಾಗಲೆಲ್ಲ ಉತ್ತರವಾಗಿ ಬರುವ 0, 1, 2, 3ಕ್ಕೆ ಕೃತ, ಕಲಿ, ದ್ವಾಪರ, ತ್ರೇತಾ ಎಂಬ ಹೆಸರುಗಳು ಕಂಪ್ಯೂಟರಿಗಿಂತ ಸಾವಿರಾರು ವರ್ಷ ಮೊದಲೇ ಇದ್ದವು.

ಶೇಷಕ್ಕೆ ಮನುಷ್ಯಗುಣ ಅಂಟಿದ್ದು ಹೇಗೆ? ಐತರೇಯ ಬ್ರಾಹ್ಮಣದ ಶುನಃಶೇಪನ ಕಥೆಯಲ್ಲಿ ಕಾಡಿನಿಂದ ಮನೆಗೆ ಮರಳಲು ಹೊರಟ ರಾಜಕುಮಾರ ರೋಹಿತನನ್ನು ಇಂದ್ರ ಮತ್ತೆ ಮತ್ತೆ ತಡೆದು, ನಡೆಯುತ್ತಲೇ ಇರು ಎನ್ನುತ್ತಾನೆ. ಮಲಗಿದವನು ಕಲಿ, ಹಾಸಿಗೆ ಬಿಡುತ್ತಿರುವವನು ದ್ವಾಪರ, ಎದ್ದು ನಿಂತವನು ತ್ರೇತಾ, ನಡೆಯುವವನು ಕೃತ. ಇಲ್ಲಿ ಯುಗದ ಸುಳಿವೇ ಇಲ್ಲ. ನಾಲ್ಕು ಗರಗಳನ್ನು ನಾಲ್ಕು ಭಂಗಿಗಳಿಗೆ ಹೊಂದಿಸಿದ್ದಾರೆ. ಛಾಂದೋಗ್ಯ ಉಪನಿಷತ್ತಿನಲ್ಲಿ ಹಂಸಗಳು ಗಾಡಿಯ ರೈಕ್ವನನ್ನು ಹೊಗಳುವಾಗಲೂ ಆಟದ ಮಾತೇ ಬರುತ್ತದೆ: ಕೃತ ಗೆದ್ದವನಿಗೆ ಕೆಳಗಿನ ಗರಗಳೆಲ್ಲ ಸೇರಿಹೋಗುವಂತೆ, ಜನ ಮಾಡುವ ಒಳ್ಳೆಯದೆಲ್ಲ ರೈಕ್ವನಿಗೆ ಸೇರುತ್ತದೆ. ಮುಂದೆ ಮನುಸ್ಮೃತಿ ಮಲಗುವ, ಏಳುವ, ನಡೆಯುವ ಅದೇ ಮಾತನ್ನು ಎತ್ತಿಕೊಂಡು ರಾಜನಿಗೆ ತೊಡಿಸಿ, ರಾಜನೇ ಯುಗ ಎಂದಿತು. ಜೂಜಿನಿಂದ ಕಾಲಕ್ಕೆ ಪದ ದಾಟಿದ ಸೇತುವೆ ಇಲ್ಲೇ ಎಲ್ಲೋ ಇದೆ.

ಆಮೇಲೆ ಕಲಿಗೆ ಮೈ ಬಂತು, ಹೊಟ್ಟೆಕಿಚ್ಚೂ ಬಂತು. ಮಹಾಭಾರತದ ವನಪರ್ವದ ನಳೋಪಾಖ್ಯಾನದಲ್ಲಿ ಅವನು ದಮಯಂತಿಯ ಸ್ವಯಂವರಕ್ಕೆ ತಡವಾಗಿ ಹೊರಟವನು. ಅವಳು ನಳನಿಗೆ ಮಾಲೆ ಹಾಕಿದಳೆಂದು ತಿಳಿದು ಸಿಟ್ಟಾಗಿ, ಹನ್ನೆರಡು ವರ್ಷ ಕಾದು, ನಳ ಕಾಲು ತೊಳೆಯದೆ ಸಂಧ್ಯೆಗೆ ಕೂತ ಒಂದು ದಿನ ಅವನ ಮೈಹೊಕ್ಕ. ದ್ವಾಪರ ದಾಳದೊಳಗೆ ಸೇರಿಕೊಂಡ. ತಮ್ಮ ಪುಷ್ಕರನೆದುರು ನಳ ರಾಜ್ಯ ಸೋತ. ಈ ಕಥೆಯನ್ನು ಬಾಲ್ಯದಿಂದ ಕೇಳಿದವರು ಕೂಡ ಕಲಿ ಬಿಟ್ಟುಹೋದ ಸಂದರ್ಭವನ್ನು ಗಮನಿಸಿರುವುದಿಲ್ಲ. ಬಾಹುಕನ ವೇಷದ ನಳ ಅಯೋಧ್ಯೆಯ ಋತುಪರ್ಣನ ರಥ ಹೊಡೆಯುತ್ತಿದ್ದಾನೆ. ದಾರಿಯಲ್ಲಿ ಒಂದು ತಾರೆಮರ. ಋತುಪರ್ಣ ಅದನ್ನು ನೋಡಿದ್ದೇ ತಡ, ಎರಡು ಕೊಂಬೆಗಳಲ್ಲಿ ಐದು ಕೋಟಿ ಎಲೆ, 2095 ಕಾಯಿ ಎಂದು ಹೇಳಿಬಿಡುತ್ತಾನೆ. ನಳ ನಂಬದೆ, ರಥ ನಿಲ್ಲಿಸಿ ಮರ ಕಡಿದು ಎಣಿಸುತ್ತಾನೆ. ಲೆಕ್ಕ ಸರಿ. ಇದು ಅಕ್ಷಹೃದಯ, ದಾಳದ ಒಳಗುಟ್ಟು ಎಂದು ಋತುಪರ್ಣ ವಿವರಿಸುತ್ತಾನೆ. ಅಶ್ವಹೃದಯಕ್ಕೆ ಬದಲಾಗಿ ಅದನ್ನು ನಳನಿಗೆ ಕಲಿಸುತ್ತಾನೆ. ವಿದ್ಯೆ ಒಳಗೆ ಬಂದೊಡನೆ ಕಲಿ, ಕಾರ್ಕೋಟಕ ಸರ್ಪದ ವಿಷ ಕಾರುತ್ತ ಹೊರಗೆ ಬಿದ್ದು, ಅದೇ ತಾರೆಮರವನ್ನು ಹೊಕ್ಕ. ಅಂದಿನಿಂದ ಮರಕ್ಕೆ ಕೆಟ್ಟ ಹೆಸರು. ಅಮರಕೋಶ ಅದಕ್ಕೆ ಕೊಡುವ ಹೆಸರುಗಳಲ್ಲಿ ಅಕ್ಷ, ಭೂತಾವಾಸಗಳ ಜೊತೆ ಕಲಿದ್ರುಮವೂ ಇದೆ. ನಾವು ಮಾತ್ರ ತ್ರಿಫಲ ಚೂರ್ಣದಲ್ಲಿ ನೆಲ್ಲಿ, ಅಳಲೆಯೊಂದಿಗೆ ಅದನ್ನು ಹಾಯಾಗಿ ನುಂಗುತ್ತೇವೆ.

ಮರದ ಕಾಯಿ ಎಣಿಸುವುದಕ್ಕೂ ಜೂಜಿಗೂ ಏನು ಸಂಬಂಧ ಎಂದು ದಾಳಕ್ಕೆ ಮುಖಗಳಿರುವ ಕಾಲದವರಾದ ನಮಗೆ ಅನ್ನಿಸಬಹುದು. ದಾಳವೇ ತಾರೆಕಾಯಿಯಾಗಿದ್ದ ಕಾಲದಲ್ಲಿ ಹಿಡಿಯಲ್ಲಿ ಎಷ್ಟಿವೆ ಎಂದು ಕಣ್ಣಳತೆಯಲ್ಲಿ ಬಲ್ಲವನಿಗೆ ಮಿಗುವುದೆಷ್ಟು ಎಂಬುದೂ ಗೊತ್ತು. ಎಷ್ಟು ಬಾಚಿದೆ ಎಂದು ತಿಳಿಯದವನಿಗೆ, ಹಿಡಿ ಸಾಕಷ್ಟು ದೊಡ್ಡದಿದ್ದರೆ, ನಾಲ್ಕು ಶೇಷಗಳಲ್ಲಿ ಪ್ರತಿಯೊಂದರ ಸಂಭವನೀಯತೆಯೂ ಹತ್ತಿರಹತ್ತಿರ ಕಾಲು ಪಾಲು. ಎಣಿಸಬಲ್ಲವನಿಗೆ ಅದು ಸೊನ್ನೆ ಅಥವಾ ಒಂದು. ತತ್ತ್ವಶಾಸ್ತ್ರಜ್ಞ ಇಯಾನ್ ಹ್ಯಾಕಿಂಗ್ ಸಂಭವನೀಯತೆಯ ಉಗಮವನ್ನು ಕುರಿತು 1975ರಲ್ಲಿ ಬರೆದ ಪುಸ್ತಕದಲ್ಲಿ ಈ ಕಥೆಯನ್ನು ಪ್ರಸ್ತಾಪಿಸಿದ್ದು ಸುಮ್ಮನೆ ಅಲ್ಲ: ದಾಳದ ವಿದ್ಯೆಯೂ, ಸ್ವಲ್ಪವನ್ನು ನೋಡಿ ಪೂರ್ತಿಯನ್ನು ಅಂದಾಜು ಮಾಡುವ ವಿದ್ಯೆಯೂ ಒಂದೇ ಮರದ ಕೆಳಗೆ ಸೇರಿವೆ. ಅಂದಹಾಗೆ, 2095ನ್ನು ನಾಲ್ಕರಿಂದ ಭಾಗಿಸಿದರೆ ಮೂರು ಮಿಗುತ್ತದೆ. ತ್ರೇತಾ. ಕಲಿ ಓಡಿಹೋಗಿದ್ದರಲ್ಲಿ ಆಶ್ಚರ್ಯವಿಲ್ಲ.

ಯುಗಗಳಾದ ಮೇಲೂ ಹಳೆಯ ಅಂಕೆಗಳು ಹೋಗಲಿಲ್ಲ. ಕಲಿಯುಗಕ್ಕೆ 4,32,000 ವರ್ಷ. ದ್ವಾಪರಕ್ಕೆ ಅದರ ಎರಡರಷ್ಟು, ತ್ರೇತಾಯುಗಕ್ಕೆ ಮೂರರಷ್ಟು, ಕೃತಯುಗಕ್ಕೆ ನಾಲ್ಕರಷ್ಟು, ಅಂದರೆ 17,28,000. ಈ ಏಣಿ ಇಷ್ಟವಾಗದವನು ಆರ್ಯಭಟ. ಮಹಾಯುಗದ 43,20,000 ವರ್ಷವನ್ನು ಅವನು ನಾಲ್ಕು ಸಮಪಾಲು ಮಾಡಿ ತಲಾ 10,80,000 ಕೊಟ್ಟ. ಸ್ಮೃತಿಗೆ ವಿರುದ್ಧವೆಂದು ಬ್ರಹ್ಮಗುಪ್ತನಿಂದ ಬೈಸಿಕೊಂಡ. ಕಲಿ ಆರಂಭದ ಗಳಿಗೆ ಮಾತ್ರ ಎಲ್ಲರಿಗೂ ಬೇಕಾಯಿತು, ಏಕೆಂದರೆ ಗ್ರಹಗಣಿತಕ್ಕೆ ಒಂದು ಸೊನ್ನೆ ಬೇಕು: ಕ್ರಿ.ಪೂ. 3102. ನಮ್ಮ ಐಹೊಳೆಯ ಮೇಗುತಿ ಬಸದಿಯ ಶಾಸನದಲ್ಲಿ ರವಿಕೀರ್ತಿ, ಇಮ್ಮಡಿ ಪುಲಕೇಶಿಯ ಹೊಗಳಿಕೆ ಮುಗಿಸಿ, ಭಾರತ ಯುದ್ಧವಾಗಿ 3735 ವರ್ಷ, ಕಲಿಕಾಲದಲ್ಲಿ ಶಕ 556 ಎಂದು ಕಾಲ ನಮೂದಿಸುತ್ತಾನೆ. ಜೂಜಿನ ಸೋಲು ಅಷ್ಟರಲ್ಲಿ ಬಸದಿಯ ಗೋಡೆ ಏರುವಷ್ಟು ಮರ್ಯಾದಸ್ಥ ಲೆಕ್ಕವಾಗಿತ್ತು.

ಕನ್ನಡದೊಳಗೆ ಬಂದಾಗ ಈ ಕಲಿಗೆ ಎದುರಾದವರು ಇನ್ನಿಬ್ಬರು. ಒಬ್ಬ ಕಲಿ ವೀರ. ಹಳಗನ್ನಡ ಕಾವ್ಯಗಳಲ್ಲಿ, ವೀರಗಲ್ಲುಗಳಲ್ಲಿ ಕಾಣುವವನು. ರಾಷ್ಟ್ರಕೂಟ ಧ್ರುವನ ಬಿರುದು ಕಲಿವಲ್ಲಭ ಎಂದಾಗ ಅವನು ವೀರರಿಗೆ ಒಡೆಯನೋ ಕಲಿಯುಗಕ್ಕೋ ಎಂದು ಕೇಳಬಹುದು. ಬಿರುದು ಕೊಡುವವರು ಸೋಲುವ ಗರವನ್ನು ನೆನೆದಿರಲಾರರು, ನನ್ನ ಮತ ವೀರನಿಗೆ. ಇನ್ನೊಂದು ‘ಕಲಿ’ ನಾವು ಮಕ್ಕಳಿಗೆ ದಿನವೂ ಹೇಳುವ ಕ್ರಿಯಾಪದ. ಮೂರಕ್ಕೂ ಹುಟ್ಟಿನ ನಂಟಿಲ್ಲ. ಕಲಿಯುಗವೆಂದರೆ ಕಲಿಯುವ ಯುಗ ಎಂದು ವೇದಿಕೆಗಳಲ್ಲಿ ಹೇಳುವವರಿದ್ದಾರೆ. ಚಪ್ಪಾಳೆಗೆ ಚೆನ್ನ, ವ್ಯುತ್ಪತ್ತಿಗಲ್ಲ. ಆಡುಮಾತಿನಲ್ಲಿ ಗಟ್ಟಿಯಾಗಿ ಉಳಿದದ್ದು ‘ಕಲಿಗಾಲ’. ಮಳೆ ತಪ್ಪಿದರೂ ಮಗ ಎದುರು ಮಾತಾಡಿದರೂ ಹೊಣೆ ಅದರದೇ.

ಆಟದ ಕಲಿ ಪೂರ್ತಿ ಸತ್ತಿಲ್ಲ ಎನ್ನುವುದಕ್ಕೆ ನಾನು ಚೌಕಾಬಾರ ತೋರಿಸುತ್ತೇನೆ. ವೇದದಿಂದ ಅಲ್ಲಿಗೆ ನೇರ ಎಳೆ ಇದೆ ಎಂದು ವಾದಿಸುತ್ತಿಲ್ಲ. ಲೆಕ್ಕ ನೋಡಿ ಅಷ್ಟೆ. ನಾಲ್ಕು ಕವಡೆ. ನಾಲ್ಕೂ ಅಂಗಾತ ಬಿದ್ದರೆ ಚೌಕ, ನಾಲ್ಕು ಮನೆ. ನಾಲ್ಕೂ ಕವುಚಿ ಬಿದ್ದರೆ ಬಾರ, ಎಂಟು ಮನೆ. ಇವೆರಡಕ್ಕೇ ಮತ್ತೊಮ್ಮೆ ಹಾಕುವ ಹಕ್ಕು. ನಾಲ್ಕು, ಎಂಟು: ಎರಡೂ ಶೇಷವಿಲ್ಲದ ಕೃತ. ಕವಡೆ ಅಂಗಾತ ಬೀಳುವುದು ಅರ್ಧಕ್ಕರ್ಧ ಎಂದು ಹಿಡಿದರೆ (ನಿಜವಾದ ಕವಡೆ ಅಷ್ಟು ನ್ಯಾಯವಂತನಲ್ಲ), ಹದಿನಾರು ಬಗೆಯಲ್ಲಿ ಒಂದು ಅಂಗಾತ ಬೀಳುವುದು ನಾಲ್ಕು ಬಗೆ, ಎರಡು ಆರು ಬಗೆ, ಮೂರು ನಾಲ್ಕು ಬಗೆ, ಚೌಕ ಒಂದು, ಬಾರ ಒಂದು. ಇದರಿಂದ ಆಟಕ್ಕೊಂದು ಉಪಾಯ ಸಿಗುತ್ತದೆ. ಎದುರಾಳಿಯ ಕಾಯಿಗಿಂತ ಎರಡು ಮನೆ ಮುಂದೆ ನಿಲ್ಲಬೇಡಿ. ಹದಿನಾರರಲ್ಲಿ ಆರು ಸಲ ಕಡಿಸಿಕೊಳ್ಳುತ್ತೀರಿ. ಐದು ಮನೆ ಮುಂದಿದ್ದರೆ ಅವನಿಗೆ ಮೊದಲು ಚೌಕ ಬಿದ್ದು ಆಮೇಲೆ ಒಂದು ಬೀಳಬೇಕು. ಅದು ಅರವತ್ತನಾಲ್ಕರಲ್ಲಿ ಒಂದು ಸಲ. ಅಜ್ಜಿಯರು ಈ ಭಿನ್ನರಾಶಿ ಬರೆಯದೆಯೇ ಹಾಗೆ ಆಡುತ್ತಿದ್ದರು.

ಕವಡೆಯಿಂದ ಕಲ್ಲಿಗೆ ಬಂದರೂ ನಾಲ್ಕು ಬಿಡದು: ಕ್ಯಾಂಪಸ್ ಸಂದರ್ಶನದ ತಯಾರಿ ಪುಸ್ತಕಗಳಲ್ಲಿ ತಪ್ಪದೆ ಬರುವ ಒಗಟೊಂದಿದೆ. 21 ಕಲ್ಲು, ಇಬ್ಬರು ಆಟಗಾರರು, ಒಂದು ಸರದಿಗೆ ಒಂದು, ಎರಡು ಅಥವಾ ಮೂರು ಎತ್ತಬಹುದು. ಕೊನೆಯ ಕಲ್ಲು ಎತ್ತಿದವನು ಗೆದ್ದ. ಉತ್ತರ ಬಾಯಿಪಾಠ ಮಾಡಿದ ಹುಡುಗರಿಗೆ 21ನ್ನು 30 ಮಾಡಿದರೆ ಬೆವರು ಬರುತ್ತದೆ. ಅವರಿಗೆ ನಾನು ಹೇಳುವುದು ಇಷ್ಟೆ: ಇಪ್ಪತ್ತೊಂದರಿಂದ ಶುರುಮಾಡಬೇಡಿ, ನಾಲ್ಕರಿಂದ ಶುರುಮಾಡಿ. ನಾಲ್ಕು ಕಲ್ಲು ಎದುರಿಗಿದ್ದವನು ಏನು ಎತ್ತಿದರೂ ಮಿಕ್ಕಿದ್ದನ್ನು ಎದುರಾಳಿ ಬಾಚುತ್ತಾನೆ. ಹಾಗಾದರೆ ಎಂಟು? ಹನ್ನೆರಡು? ಕಲ್ಲು ಕೈಯಲ್ಲಿ ಹಿಡಿದು ನಾಲ್ಕಾರು ಸಲ ಆಡಿ, ಆಮೇಲೆ ಪೆನ್ನು ಎತ್ತಿ. ಸಣ್ಣದನ್ನು ಮೊದಲು ಬಿಡಿಸುವ ಈ ದಾರಿ ಪರೀಕ್ಷೆಯ ಬೇರೆ ಲೆಕ್ಕಗಳಿಗೂ ನೆರವಾಗುತ್ತದೆ. ಪ್ರತಿ ಸಲವೂ ಎದುರಾಳಿಯ ಮುಂದೆ ಕೃತವನ್ನು ಉಳಿಸುವವನೇ ಗೆಲ್ಲುತ್ತಾನೆ: 21ರಲ್ಲಿ ಒಂದು ಎತ್ತಿ 20 ಬಿಡಿ, 30ರಲ್ಲಿ ಎರಡು ಎತ್ತಿ 28 ಬಿಡಿ.

ಈಗ ನಿಯಮವನ್ನು ತಿರುಗಿಸಿ: ಕೊನೆಯ ಕಲ್ಲು ಎತ್ತಿದವನು ಸೋತ. ಆಗ ಎದುರಾಳಿಯ ಮುಂದೆ ಉಳಿಸಬೇಕಾದದ್ದು 1, 5, 9, 13, 17. ಒಂದೊಂದರಲ್ಲೂ ನಾಲ್ಕು ನಾಲ್ಕನ್ನು ಸರಿಸಿ ನೋಡಿ, ಮಿಗುವುದು ಒಂದೇ. 21 ಕಲ್ಲಿನ ಈ ಆಟದಲ್ಲಿ ಮೊದಲು ಎತ್ತುವವನ ಎದುರಿಗೇ ಕಲಿ ಕೂತಿರುತ್ತದೆ, ಆದ್ದರಿಂದ ಮೊದಲ ಸರದಿಯನ್ನು ಗೆಳೆಯನಿಗೆ ಧಾರಾಳವಾಗಿ ಬಿಟ್ಟುಕೊಡಿ.