ಮುಪ್ಪಿಗೊಂದು ಸೂರು: ಧರ್ಮಸಭೆಯ ಚರಿತ್ರೆಯ ಕೆಲವು ಪುಟಗಳು

ನಮ್ಮ ದೇವಾಲಯದ ಶತಮಾನೋತ್ಸವದ ಈ ಸ್ಮರಣ ಸಂಚಿಕೆಗಾಗಿ ಹಳೆಯ ನೆನಪುಗಳನ್ನು ಸಂಗ್ರಹಿಸಲು ನಾವು ಧರ್ಮಕೇಂದ್ರದ ಹಿರಿಯರ ಮನೆಗಳಿಗೆ ಹೋಗಿದ್ದೆವು. ಅಂತಹ ಮನೆಯೊಂದರಲ್ಲಿ ಎಂಬತ್ತರ ಅಂಚಿನಲ್ಲಿದ್ದ ಒಬ್ಬ ತಾಯಿ, ದೇವಾಲಯದ ಹಬ್ಬಗಳು, ಮೆರವಣಿಗೆಗಳು, ಹಿಂದಿನ ಸ್ವಾಮಿಗಳ ಕಾಠಿಣ್ಯ ಮತ್ತು ಕರುಣೆ ಎಲ್ಲವನ್ನೂ ಒಂದು ಗಂಟೆಯ ಕಾಲ ಸವಿಸ್ತಾರವಾಗಿ ಹೇಳಿದರು. ಹೊರಡಲೆಂದು ನಾವು ಎದ್ದಾಗ ಬಾಗಿಲವರೆಗೆ ಬಂದು ಮೆಲುದನಿಯಲ್ಲಿ, "ನೀವು ಓದಿದವರು, ಮಕ್ಕಳೇ. ಬ್ಯಾಂಕಿನಲ್ಲಿರುವುದು ಇನ್ನೆರಡು ವರುಷಕ್ಕೆ ಸಾಕಾದೀತು. ಆಮೇಲೆ ನಾನೆಲ್ಲಿರಲಿ?" ಎಂದು ಕೇಳಿದರು.

ಪತಿ ಬಿಟ್ಟುಹೋದ ಠೇವಣಿಯ ಬಡ್ಡಿಯಲ್ಲಿ ಬಹುಕಾಲ ಅವರ ಜೀವನ ಸಾಗಿತ್ತು. ಆಸ್ಪತ್ರೆಯ ಖರ್ಚು ಬಂದ ಮೇಲೆ ಅಸಲಿಗೇ ಕೈಹಾಕಬೇಕಾಯಿತು. ಬಾಡಿಗೆ ಏರುತ್ತಿತ್ತು, ಗಂಟು ಕರಗುತ್ತಿತ್ತು. ಮಕ್ಕಳು ಕೆಟ್ಟವರಲ್ಲ, ಒಬ್ಬರಿಗೆ ದೂರದ ಊರಿನಲ್ಲಿ ಎರಡು ಕೋಣೆಯ ಮನೆ, ಇನ್ನೊಬ್ಬರಿಗೆ ಸಾಲದ ಹೊರೆ. ಅಂದು ನಮ್ಮಲ್ಲಿ ಉತ್ತರವಿರಲಿಲ್ಲ. ನೂರು ವರುಷಗಳ ಚರಿತ್ರೆಯನ್ನು ಕೇಳಲು ಹೋದವರಿಗೆ ಮುಂದಿನ ಎರಡು ವರುಷಗಳ ಪ್ರಶ್ನೆ ಎದುರಾಯಿತು. ಈ ಪ್ರಶ್ನೆ ಧರ್ಮಸಭೆಗೆ ಹೊಸದಲ್ಲ. ನಮ್ಮ ಹಿರಿಯರು ಅದಕ್ಕೆ ಕಾಲಕಾಲಕ್ಕೆ ಕೊಟ್ಟ ಉತ್ತರಗಳನ್ನು ಇಲ್ಲಿ ಸಂಕ್ಷೇಪವಾಗಿ ನಿರೂಪಿಸಲು ಯತ್ನಿಸಿದ್ದೇವೆ.

ಈ ಚರಿತ್ರೆ ಶಿಲುಬೆಯ ಅಡಿಯಲ್ಲೇ ಆರಂಭವಾಗುತ್ತದೆ. ಪ್ರಾಣಬಿಡುವ ಹೊತ್ತಿನಲ್ಲಿ ಯೇಸುಸ್ವಾಮಿ ತಮ್ಮ ತಾಯಿಯನ್ನು ಪ್ರೀತಿಯ ಶಿಷ್ಯನ ಕೈಗೆ ಒಪ್ಪಿಸಿದರೆಂದೂ, ಅಂದಿನಿಂದ ಆತನು ಆಕೆಯನ್ನು ತನ್ನ ಮನೆಯಲ್ಲಿ ಇರಿಸಿಕೊಂಡನೆಂದೂ ಸಂತ ಯೊವಾನ್ನರ ಶುಭಸಂದೇಶ ತಿಳಿಸುತ್ತದೆ. ಮಗನನ್ನು ಕಳೆದುಕೊಳ್ಳಲಿದ್ದ ತಾಯಿಗೆ ದೊರೆತದ್ದು ಬರಿಯ ಸಾಂತ್ವನವಲ್ಲ, ವಾಸಕ್ಕೊಂದು ಮನೆ. ಅದೇ ಯೇಸುಸ್ವಾಮಿ, ತಂದೆತಾಯಿಗೆ ಸಲ್ಲಬೇಕಾದುದನ್ನು ದೇವರಿಗೆ ಮೀಸಲು ಎಂದು ಹೇಳಿ ಜಾರಿಕೊಳ್ಳುತ್ತಿದ್ದವರನ್ನು ಕಟುವಾಗಿ ಖಂಡಿಸಿದುದನ್ನು ಸಂತ ಮಾರ್ಕರ ಶುಭಸಂದೇಶದ ಏಳನೆಯ ಅಧ್ಯಾಯದಲ್ಲಿ ಕಾಣುತ್ತೇವೆ. ಶತಮಾನೋತ್ಸವದ ಕಾಣಿಕೆಗಳನ್ನು ಎಣಿಸುವ ಈ ದಿನಗಳಲ್ಲಿ ಆ ಅಧ್ಯಾಯವನ್ನು ನಾವೆಲ್ಲರೂ ಇನ್ನೊಮ್ಮೆ ಓದುವುದು ಒಳಿತು.

ಪ್ರೇಷಿತರ ಕಾಲದಲ್ಲೇ ವಿಧವೆಯರ ದಿನದಿನದ ಪೋಷಣೆಯ ವಿಚಾರವಾಗಿ ಗೊಣಗಾಟ ಎದ್ದು, ಅದನ್ನು ನೋಡಿಕೊಳ್ಳಲು ಏಳು ಮಂದಿಯನ್ನು ಆರಿಸಬೇಕಾಯಿತು. ತಿಮೊಥೇಯನಿಗೆ ಬರೆದ ಮೊದಲನೆಯ ಪತ್ರದಲ್ಲಿ ಒಂದು ಸ್ಪಷ್ಟವಾದ ಕ್ರಮವೇ ಇದೆ. ಮಕ್ಕಳು ಮೊಮ್ಮಕ್ಕಳು ಇರುವಲ್ಲಿ ಅವರೇ ಮೊದಲು ಹೊಣೆ ಹೊರತಕ್ಕದ್ದು. ಯಾರೂ ಇಲ್ಲದ ವಿಧವೆಯರ ಭಾರ ಸಭೆಗೆ ಸೇರಿದ್ದು. ವಿಧವೆಯರ ಪಟ್ಟಿಗೆ ಸೇರಲು 60 ವರುಷ ತುಂಬಿರಬೇಕೆಂಬ ನಿಯಮವೂ ಅಲ್ಲಿದೆ. ನಾಲ್ಕನೆಯ ಶತಮಾನದಲ್ಲಿ ಸಂತ ಬೆಸಿಲರು ಸೆಸರಿಯ ಪಟ್ಟಣದ ಹೊರಗೆ ಬಡವರಿಗೂ ರೋಗಿಗಳಿಗೂ ಪಯಣಿಗರಿಗೂ ದೊಡ್ಡ ಆಶ್ರಯಧಾಮವನ್ನು ಕಟ್ಟಿಸಿದರು. ಆರನೆಯ ಶತಮಾನದ ಚಕ್ರವರ್ತಿ ಜಸ್ಟಿನಿಯನನ ಕಾನೂನುಗಳಲ್ಲಿ ಅನಾಥಾಲಯ, ರೋಗಿಗಳ ಆಲಯಗಳ ಜೊತೆಗೆ ವೃದ್ಧರ ಆಲಯಗಳಿಗೆ ಪ್ರತ್ಯೇಕವಾದ ಹೆಸರೇ ಇದೆ. ಅಂದರೆ ಅಷ್ಟು ಹಿಂದೆಯೇ ಅವು ಲೋಕಕ್ಕೆ ಪರಿಚಿತವಾಗಿದ್ದವು.

ಮಧ್ಯಯುಗದ ಇಂಗ್ಲೆಂಡಿನಲ್ಲಿ ಇನ್ನೊಂದು ಏರ್ಪಾಡು ಬೆಳೆಯಿತು. ಅದನ್ನು ಕೊರೊಡಿ ಎಂದು ಕರೆಯುತ್ತಿದ್ದರು. ವಯಸ್ಸಾದವರು ತಮ್ಮ ಇಡಿಗಂಟನ್ನೋ ಹೊಲವನ್ನೋ ಸನ್ಯಾಸಿಮಠಕ್ಕೆ ಒಪ್ಪಿಸುವುದು. ಮಠವು ಅವರ ಜೀವಮಾನ ಪರ್ಯಂತ ಇಂತಿಷ್ಟು ರೊಟ್ಟಿ, ಪಾನೀಯ, ಕೆಲವೊಮ್ಮೆ ವಾಸಕ್ಕೆ ಕೋಣೆಯನ್ನೂ ಕೊಡುವುದು. ಇಂದು ಮುಂಗಡ ಠೇವಣಿ ಪಡೆದು ವೃದ್ಧರನ್ನು ಸೇರಿಸಿಕೊಳ್ಳುವ ನಿವಾಸಗಳ ಪೂರ್ವರೂಪವಿದು ಎನ್ನಬಹುದು. ಹಣ ಕರಗಿಹೋಗುವ ಭಯ ಇದರಿಂದ ವೃದ್ಧರಿಗೆ ತಪ್ಪಿತು. ಆದರೆ ಆ ಭಯ ಮಠದ ಹೆಗಲಿಗೆ ವರ್ಗವಾಯಿತು. ತುರ್ತು ಹಣಕ್ಕಾಗಿ ಹೆಚ್ಚು ಕೊರೊಡಿಗಳನ್ನು ಮಾರಿದ ಮಠಗಳು, ಹಣ ಕೊಟ್ಟವರು ದೀರ್ಘಾಯುಷಿಗಳಾದಾಗ ಸಾಲದಲ್ಲಿ ಮುಳುಗಿದವು. ತಮ್ಮ ಅಪ್ಪಣೆಯಿಲ್ಲದೆ ಕೊರೊಡಿ ಮಾರಕೂಡದೆಂದು ಧರ್ಮಾಧ್ಯಕ್ಷರು ನಿರ್ಬಂಧಿಸಬೇಕಾಯಿತು. 1536ರಿಂದ 1540ರೊಳಗೆ ಎಂಟನೆಯ ಹೆನ್ರಿ ಅರಸನು ಮಠಗಳನ್ನೇ ಮುಚ್ಚಿಸಿದಾಗ ಆ ಏರ್ಪಾಡೂ ಅಳಿಯಿತು. ಕೊಡುವವರ ಪ್ರಾಮಾಣಿಕತೆಯಂತೆಯೇ ಪಡೆಯುವವರ ಲೆಕ್ಕಾಚಾರವೂ ಗಟ್ಟಿಯಾಗಿರಬೇಕು ಎಂಬುದು ಇದರ ಪಾಠ.

ಆ ಲೆಕ್ಕಾಚಾರವನ್ನು ಚೆನ್ನಾಗಿ ಬಲ್ಲವನೊಬ್ಬ ಜರ್ಮನಿಯ ಔಗ್ಸ್‌ಬುರ್ಗ್ ಪಟ್ಟಣದಲ್ಲಿದ್ದ. ಅವನು ಯಾಕೋಬ್ ಫುಗ್ಗರ್; ಚಕ್ರವರ್ತಿಗಳಿಗೇ ಸಾಲ ಕೊಡುತ್ತಿದ್ದ ಮಹಾ ಸಾಹುಕಾರ. ಅವನ ವ್ಯಾಪಾರದ ರೀತಿಯನ್ನು ಅಂದೇ ಹಲವರು ಟೀಕಿಸಿದ್ದರು. ಆದರೆ 1521ರ ದತ್ತಿಪತ್ರದ ಮೂಲಕ ಅವನು ಸ್ಥಾಪಿಸಿದ ಫುಗ್ಗರೈ ಎಂಬ ಬಡಾವಣೆ ಇಂದಿಗೂ ಉಳಿದಿದೆ. ತಮ್ಮ ತಪ್ಪಿಲ್ಲದೆ ಬಡತನಕ್ಕೆ ಬಿದ್ದ ಔಗ್ಸ್‌ಬುರ್ಗಿನ ಕಥೋಲಿಕ ದುಡಿಮೆಗಾರರಿಗೆಂದು ಕಟ್ಟಿಸಿದ ಈ ಮನೆಗಳ ಬಾಡಿಗೆ ವರುಷಕ್ಕೆ ಒಂದು ರೈನ್ ಗಿಲ್ಡರ್. ಐನೂರು ವರುಷಗಳಾದರೂ ಅದನ್ನು ಏರಿಸಿಲ್ಲ. ಈಗಿನ ನಾಣ್ಯದಲ್ಲಿ 88 ಯೂರೋ ಸೆಂಟು. ನೀರು, ಬೆಂಕಿಯ ಖರ್ಚು ಮಾತ್ರ ಬೇರೆ. ಇದರ ಜೊತೆಗೆ ಸ್ಥಾಪಕನ ಮನೆತನದವರ ಆತ್ಮಗಳಿಗಾಗಿ ದಿನಕ್ಕೆ ಮೂರು ಜಪಗಳು: ಪರಲೋಕ ಜಪ, ನಮೋ ಮರಿಯ ಜಪ, ವಿಶ್ವಾಸ ಸಂಗ್ರಹ.

ಫುಗ್ಗರೈನ ಒಂದೊಂದು ವಸತಿಗೂ ಬೀದಿಯಿಂದ ಪ್ರತ್ಯೇಕವಾದ ಬಾಗಿಲಿದೆ. ಕತ್ತಲಲ್ಲೂ ತನ್ನ ಬಾಗಿಲನ್ನು ಕೈಯಿಂದಲೇ ಗುರುತಿಸುವಂತೆ ಒಂದೊಂದು ಬಾಗಿಲ ಗಂಟೆಯ ಹಿಡಿಗೂ ಬೇರೆ ಬೇರೆ ಆಕಾರ. ಬಡವನಾದರೂ ಅವನು ತನ್ನ ಬಾಗಿಲಿಗೆ ಯಜಮಾನ ಎಂಬ ಗೌರವವನ್ನು ಆ ಕಟ್ಟಡವೇ ಸಾರುತ್ತದೆ. ಸಂಗೀತಗಾರ ಮೊಜಾರ್ಟನ ಮುತ್ತಜ್ಜ, ಗಾರೆಕೆಲಸದ ಫ್ರಾಂಜ್ ಮೊಜಾರ್ಟ್, ತನ್ನ ಕೊನೆಯ ವರುಷಗಳನ್ನು ಕಳೆದದ್ದು ಇಲ್ಲಿಯೇ. 1944ರ ಫೆಬ್ರವರಿಯ ಬಾಂಬುದಾಳಿಯಲ್ಲಿ ಬಡಾವಣೆಯ ಬಹುಭಾಗ ನಾಶವಾಯಿತು. ಫುಗ್ಗರ್ ಮನೆತನದ ದತ್ತಿಯೇ ಮತ್ತೆ ಕಟ್ಟಿಸಿತು. ಇಂದು ಅಲ್ಲಿ ಸುಮಾರು 150 ಮಂದಿ ವಾಸಿಸುತ್ತಿದ್ದಾರೆ. ಅವರಲ್ಲಿ ವೃದ್ಧರು ಬಹಳ. ದತ್ತಿಯ ಕಾಡುಗಳಿಂದಲೂ ಆಸ್ತಿಗಳಿಂದಲೂ ಬರುವ ಆದಾಯವೇ ಅದರ ಆಧಾರ. ಆದರೆ ಬೀದಿಯಲ್ಲಿ ಬೇಡುವವರಿಗೆ ಸ್ಥಾಪಕನು ಅಲ್ಲಿ ಎಡೆ ಕೊಟ್ಟಿರಲಿಲ್ಲ.

ಹಾಗೆ ಬೇಡುವವರಿಗಾಗಿ ಬಾಗಿಲು ತೆರೆದವರು ಒಬ್ಬ ಮನೆಗೆಲಸದ ಹೆಂಗಸು. ಫ್ರಾನ್ಸಿನ ಬ್ರಿಟನಿ ಪ್ರಾಂತದ ಕಂಕಾಲ್ ಎಂಬ ಬೆಸ್ತರ ಊರಿನಲ್ಲಿ 1792ರಲ್ಲಿ ಜನಿಸಿದ ಜೀನ್ ಜುಗಾನ್, ಎಳವೆಯಲ್ಲೇ ತಂದೆಯನ್ನು ಕಡಲಿನಲ್ಲಿ ಕಳೆದುಕೊಂಡರು. ಅಡುಗೆಮನೆಯ ಕೆಲಸ, ಆಸ್ಪತ್ರೆಯ ಸೇವೆ, ಪರರ ಮನೆಯ ಊಳಿಗ, ಇವುಗಳಲ್ಲೇ ಅವರ ಅರ್ಧ ಆಯುಸ್ಸು ಸವೆಯಿತು. 1839ರ ಚಳಿಗಾಲದಲ್ಲಿ, ತಮ್ಮ 47ನೆಯ ವಯಸ್ಸಿನಲ್ಲಿ, ಸಾನ್ ಸರ್ವಾನ್ ಪಟ್ಟಣದ ಪುಟ್ಟ ಬಾಡಿಗೆ ಮನೆಗೆ ಕಣ್ಣು ಕಾಣದ, ಅಂಗ ಸ್ವಾಧೀನವಿಲ್ಲದ ಆನ್ ಶೋವಾನ್ ಎಂಬ ವೃದ್ಧೆಯನ್ನು ಕರೆತಂದು, ತಮ್ಮ ಹಾಸಿಗೆಯನ್ನು ಆಕೆಗೆ ಬಿಟ್ಟುಕೊಟ್ಟು, ತಾವು ಅಟ್ಟದ ಮೇಲೆ ಮಲಗಿದರು.

ಅವರಲ್ಲಿಗೆ ಬಂದ ಎರಡನೆಯ ವೃದ್ಧೆಯ ಕಥೆ ನಮ್ಮ ಮನಸ್ಸನ್ನು ಹೆಚ್ಚಾಗಿ ತಟ್ಟುತ್ತದೆ. ಇಸಬೆಲ್ ಎಂಬ ಆ ಸೇವಕಿ, ತನ್ನ ಯಜಮಾನರು ನಿರ್ಗತಿಕರಾದಾಗ ಅವರನ್ನು ಬಿಟ್ಟುಹೋಗದೆ ತನ್ನ ಉಳಿತಾಯವನ್ನೆಲ್ಲ ಅವರಿಗಾಗಿ ವ್ಯಯಿಸಿ, ಅದೂ ಮುಗಿದ ಮೇಲೆ ಅವರಿಗಾಗಿ ಭಿಕ್ಷೆಯೆತ್ತಿದಳು. ಅವರು ತೀರಿಕೊಂಡಾಗ ಅವಳೇ ರೋಗಿಷ್ಠೆ, ದಿಕ್ಕಿಲ್ಲದವಳು. ಮುಪ್ಪಿನ ಬಡತನ ದುಂದುಗಾರಿಕೆಯ ಫಲವೆಂದು ಹಗುರವಾಗಿ ಆಡುವವರಿಗೆ ಇಸಬೆಲಳ ಬಾಳು ಸಾಕಾದಷ್ಟು ಉತ್ತರ.

1841ರಲ್ಲಿ ದೊಡ್ಡದೊಂದು ಬಾಡಿಗೆ ಮನೆ, 1842ರಲ್ಲಿ ಹಳೆಯ ಕನ್ಯಾಮಠದ ಕಟ್ಟಡ. ವೃದ್ಧೆಯರ ಸಂಖ್ಯೆ ಹನ್ನೆರಡರಿಂದ ನಾಲ್ವತ್ತರ ಸುಮಾರಿಗೆ ಬೆಳೆಯಿತು. ಅವರಲ್ಲಿ ಹಲವರು ಅಲ್ಲಿಯವರೆಗೆ ಬೇಡಿ ಬದುಕಿದವರು. ಜೀನ್ ಜುಗಾನ್ ಅವರಿಂದ ದಾನಿಗಳ ಮನೆಗಳ ಗುರುತು ಕೇಳಿಕೊಂಡು, ಬುಟ್ಟಿಯನ್ನು ತಮ್ಮ ಕೈಗೆ ತೆಗೆದುಕೊಂಡು, ಅವರ ಬದಲಿಗೆ ತಾವೇ ಬಾಗಿಲು ಬಾಗಿಲಿಗೆ ಹೋದರು. ಕೈಲಾದವರು ಒಳಗೆ ನೂಲುತ್ತಿದ್ದರು. 1845ರಲ್ಲಿ ಫ್ರೆಂಚ್ ಅಕಾಡೆಮಿಯು ಅವರಿಗೆ 3,000 ಫ್ರಾಂಕುಗಳ ಮೊಂತ್ಯೋ ಬಹುಮಾನವನ್ನು ನೀಡಿತು.

ಆದರೆ ಮಾನವ ಸಹಜವಾದ ಅನ್ಯಾಯ ಪುಣ್ಯಕಾರ್ಯಗಳನ್ನೂ ಬಿಡುವುದಿಲ್ಲ. 1843ರ ಡಿಸೆಂಬರಿನಲ್ಲಿ ಸೋದರಿಯರು ಜೀನರನ್ನೇ ಮತ್ತೆ ಶ್ರೇಷ್ಠೆಯಾಗಿ ಆರಿಸಿದ್ದರೂ, ಅವರ ಮಾರ್ಗದರ್ಶಿಯಾಗಿದ್ದ ಗುರು ಲ ಪೈಯರ್ ಆ ಆಯ್ಕೆಯನ್ನು ತಳ್ಳಿಹಾಕಿ ತರುಣಿಯೊಬ್ಬಳನ್ನು ನೇಮಿಸಿದರು. 1852ರಿಂದ ಜೀನ್ ಜುಗಾನ್ ಮಾತೃಮಠದಲ್ಲಿ 27 ವರುಷ ಅಜ್ಞಾತರಾಗಿ ಬಾಳಿದರು. ತಮ್ಮ ನಡುವಿನ ಮುದುಕಿಯೇ ಸಂಸ್ಥಾಪಕಿ ಎಂಬುದು ಎಳೆಯ ಸೋದರಿಯರಿಗೆ ತಿಳಿದಿರಲಿಲ್ಲ. 1879ರ ಆಗಸ್ಟ್ 29ರಂದು ಅವರು ದೈವಾಧೀನರಾದಾಗ ಸುಮಾರು 2,400 ಸೋದರಿಯರೂ 177 ಆಶ್ರಮಗಳೂ ಇದ್ದವು. 1890ರಲ್ಲಿ ರೋಮ್ ಆ ಗುರುವನ್ನು ಕರೆಸಿಕೊಂಡು ಅಧಿಕಾರದಿಂದ ಇಳಿಸಿತು. ಬಳಿಕ ನಿಜವು ಬೆಳಕಿಗೆ ಬಂದಿತು. 1982ರಲ್ಲಿ ಜಗದ್ಗುರು ಎರಡನೆಯ ಜಾನ್ ಪೌಲರು ಜೀನ್ ಜುಗಾನರನ್ನು ಧನ್ಯರೆಂದೂ, 2009ರ ಅಕ್ಟೋಬರ್ 11ರಂದು ಜಗದ್ಗುರು ಹದಿನಾರನೆಯ ಬೆನೆಡಿಕ್ಟರು ಸಂತರೆಂದೂ ಘೋಷಿಸಿದರು.

1865ರಲ್ಲಿ ನಡೆದ ಒಂದು ಸಂಗತಿಯನ್ನೂ ಇಲ್ಲಿ ಹೇಳಬೇಕು. ಸ್ಥಿರ ಆದಾಯದ ದತ್ತಿಗಳನ್ನು ಸ್ವೀಕರಿಸಬೇಕೇ ಎಂಬ ಪ್ರಶ್ನೆ ಎದ್ದಾಗ, ಜೀನ್ ಜುಗಾನರ ಅಭಿಪ್ರಾಯವನ್ನೂ ಕೇಳಿ, ಸಭೆಯು ಬೇಡವೆಂದು ತೀರ್ಮಾನಿಸಿತು. ಫುಗ್ಗರ್ ಕಾಡುಗಳ ಆದಾಯವನ್ನು ಕಟ್ಟಿಟ್ಟ. ಜೀನ್ ದಿನದಿನದ ಭಿಕ್ಷೆಯನ್ನು ನಂಬಿದರು. ಎರಡೂ ಇಂದಿಗೂ ನಡೆಯುತ್ತಿವೆ. ಆದುದರಿಂದ ಹಣದ ಮಾರ್ಗ ಒಂದೇ ಎಂದು ವಾದಿಸುವುದು ಸಲ್ಲದು. ಎರಡಕ್ಕೂ ಸಮಾನವಾದುದು ಒಂದುಂಟು: ಒಳಗೆ ಬಂದವರ ಗಂಟು ಕರಗಿದೆಯೆಂದು ಅವರನ್ನು ಹೊರಗೆ ಕಳುಹಿಸಲಿಲ್ಲ.

ಈ ಪರಂಪರೆ ನಮ್ಮ ನಾಡಿಗೂ ಬಂದಿತು. ಬಡವರ ಕಿರಿಯ ಸೋದರಿಯರು, ಜನರ ಮಾತಿನಲ್ಲಿ ಲಿಟಲ್ ಸಿಸ್ಟರ್ಸ್, 1882ರಲ್ಲಿ ಕಲ್ಕತ್ತೆಗೂ 1900ರಲ್ಲಿ ಬೆಂಗಳೂರಿಗೂ ಬಂದರು. ಹೊಸೂರು ರಸ್ತೆಯ ಅವರ ವೃದ್ಧಾಶ್ರಮವನ್ನು ಬೆಂಗಳೂರಿಗೆ ಹೋಗಿಬರುವ ನಮ್ಮಲ್ಲಿ ಅನೇಕರು ಕಂಡಿದ್ದೇವೆ. ಇತರ ಧಾರ್ಮಿಕರಂತೆ ಮೂರು ವ್ರತಗಳಲ್ಲದೆ, ಅತಿಥಿಸತ್ಕಾರವೆಂಬ ನಾಲ್ಕನೆಯ ವ್ರತವನ್ನೂ ಈ ಸೋದರಿಯರು ಕೈಗೊಳ್ಳುತ್ತಾರೆ. ಅವರ ದೃಷ್ಟಿಯಲ್ಲಿ ವೃದ್ಧರು ಮನೆಗೆ ಬಂದ ಅತಿಥಿಗಳು.

ಇನ್ನು ಆ ತಾಯಿಯ ಪ್ರಶ್ನೆಗೆ ಬರೋಣ. ಪತ್ರದಲ್ಲಿ ಹೇಳಿದ ಹಳೆಯ ಕ್ರಮವೇ ಇಂದಿಗೂ ಸರಿಯೆಂದು ನಮಗೆ ತೋರುತ್ತದೆ. ಮೊದಲ ಹೊಣೆ ಮಕ್ಕಳದು. ನಾಲ್ಕನೆಯ ದೇವಕಟ್ಟಳೆ ಮಾತ್ರವಲ್ಲ, 2007ರ ತಂದೆತಾಯಿಯರ ಮತ್ತು ಹಿರಿಯ ನಾಗರಿಕರ ಪೋಷಣೆಯ ಕಾಯಿದೆಯೂ ಹಾಗೆಯೇ ಹೇಳುತ್ತದೆ. ಅದರ ಪ್ರಕಾರ ಪೋಷಣೆಯೆಂದರೆ ಅನ್ನ, ಬಟ್ಟೆ, ಔಷಧೋಪಚಾರ, ಜೊತೆಗೆ ವಸತಿ. ನೋಡಿಕೊಳ್ಳುವ ಷರತ್ತಿನ ಮೇಲೆ ಮನೆ ಜಮೀನುಗಳನ್ನು ಬರೆದುಕೊಟ್ಟಿದ್ದು, ಪಡೆದವರು ಮಾತಿಗೆ ತಪ್ಪಿದರೆ, ಆ ವರ್ಗಾವಣೆಯನ್ನು ರದ್ದುಪಡಿಸಲು 23ನೆಯ ಪ್ರಕರಣದಲ್ಲಿ ಅವಕಾಶವಿದೆ. ಆದ್ದರಿಂದ ಷರತ್ತನ್ನು ಪತ್ರದಲ್ಲೇ ಬರೆಸುವುದು ಅಪನಂಬಿಕೆಯಲ್ಲ, ವಿವೇಕ. ನಿರ್ಗತಿಕ ವೃದ್ಧರಿಗಾಗಿ ಜಿಲ್ಲೆಗೊಂದಾದರೂ, ಕನಿಷ್ಠ 150 ಮಂದಿಗೆ ಸಾಕಾಗುವ ಆಶ್ರಮಗಳ ಕಲ್ಪನೆಯೂ ಅದೇ ಕಾಯಿದೆಯಲ್ಲಿದೆ. ಹಣ ಪಡೆದು ಸೇರಿಸಿಕೊಳ್ಳುವ ನಿವಾಸಗಳನ್ನು ವಿಚಾರಿಸುವಾಗ ಕೊರೊಡಿಯ ಪಾಠವನ್ನು ನೆನೆಯೋಣ. ಠೇವಣಿ ಹಿಂದಿರುಗುವುದೇ? ಹಾಸಿಗೆ ಹಿಡಿದಾಗ ನೋಡಿಕೊಳ್ಳುವರೇ? ಹಣ ಮುಗಿದ ದಿನ ಏನು ಮಾಡುವರು? ಈ ಮೂರನ್ನೂ ಸೇರುವ ಮೊದಲೇ ಕೇಳಬೇಕು. ಗಂಟು ಪೂರ್ತಿ ಕರಗಿದ ಮೇಲಲ್ಲ.

ಮಕ್ಕಳಿಗೆ ಸಾಧ್ಯವಾಗದ ಕಡೆ ಹೊಣೆ ಸಭೆಗೆ, ಅಂದರೆ ನಮಗೆ, ಬರುತ್ತದೆ. ಜೀನ್ ಜುಗಾನ್ ದೊಡ್ಡ ಕಟ್ಟಡದಿಂದ ಆರಂಭಿಸಲಿಲ್ಲ, ಒಂದು ಹಾಸಿಗೆಯಿಂದ ಆರಂಭಿಸಿದರು. ನಮ್ಮ ಧರ್ಮಕೇಂದ್ರದಲ್ಲಿ ಖಾಲಿ ಬಿದ್ದ ಹಿಂಗೋಣೆಗಳಿವೆ, ಮಕ್ಕಳು ಪರದೇಶಕ್ಕೆ ಹೋಗಿ ಬೀಗ ಬಿದ್ದ ಮನೆಗಳಿವೆ, ಒಂದು ವರುಷದ ಬಾಡಿಗೆಯ ಅರ್ಧವನ್ನು ಭರಿಸಬಲ್ಲ ಕುಟುಂಬಗಳಿವೆ. ಈ ಲೇಖನವನ್ನು ಅಚ್ಚಿಗೆ ಕೊಡುವ ಮೊದಲು ನಾವು ಆ ತಾಯಿಯ ಮನೆಗೆ ಮತ್ತೆ ಹೋದೆವು. ಅವರ ಇಬ್ಬರು ಮಕ್ಕಳೂ ಅಂದು ಬಂದಿದ್ದರು. ಬ್ಯಾಂಕಿನ ಪುಸ್ತಕವನ್ನು ಮೇಜಿನ ಮೇಲಿಟ್ಟು ಮೊದಲ ಬಾರಿಗೆ ಎಲ್ಲರೂ ಕೂಡಿ ಲೆಕ್ಕ ಹಾಕಿದರು. ಸಮಸ್ಯೆ ಪೂರ್ತಿ ಬಗೆಹರಿಯಲಿಲ್ಲ. ಬಾಡಿಗೆಯನ್ನು ಮಕ್ಕಳಿಬ್ಬರೂ ಹಂಚಿಕೊಳ್ಳಲು ಒಪ್ಪಿದರು, ಔಷಧದ ಖರ್ಚಿಗೆ ನಾವು ಕೆಲವರು ಕೈಜೋಡಿಸಿದೆವು. ಎರಡು ವರುಷಕ್ಕೆ ಸಾಲುವ ಹಣ ಇನ್ನು ಐದಾರು ವರುಷಕ್ಕೆ ಎಳೆಯಬಹುದು. ಅಜ್ಜಿ ನಮ್ಮ ಕೈಹಿಡಿದು, "ಇಷ್ಟು ದಿನ ನಾನೊಬ್ಬಳೇ ಎಣಿಸುತ್ತಿದ್ದೆ" ಎಂದರು.

ಎರಡನೆಯ ಶತಮಾನಕ್ಕೆ ಕಾಲಿಡುತ್ತಿರುವ ನಮ್ಮ ಧರ್ಮಕೇಂದ್ರದಲ್ಲಿ ಯಾವ ಹಿರಿಯರೂ ಒಬ್ಬರೇ ಕುಳಿತು ಎಣಿಸುವಂತಾಗದಿರಲಿ. ಸಂತ ಜೀನ್ ಜುಗಾನರ ಪ್ರಾರ್ಥನೆಯ ಬಲದಿಂದ ದಯಾಮಯರಾದ ದೇವರು ನಮಗೆ ಆ ಮನಸ್ಸನ್ನು ಕೊಡಲಿ.