ಪ್ರಯೋಗಾಲಯದಿಂದ ಬಂದ ಕಾದಂಬರಿ: ಬ್ರ್ಯಾಂಡನ್ ಟೇಲರ್ ಅವರ 'ರಿಯಲ್ ಲೈಫ್'

2020ರ ಬೂಕರ್ ಪ್ರಶಸ್ತಿಯ ಅಂತಿಮ ಪಟ್ಟಿಯಲ್ಲಿದ್ದ ಆರು ಕೃತಿಗಳಲ್ಲಿ ನಾಲ್ಕು ಚೊಚ್ಚಲ ಕಾದಂಬರಿಗಳಾಗಿದ್ದವು. ಪ್ರಶಸ್ತಿ ಸ್ಕಾಟ್ಲೆಂಡ್ ಮೂಲದ ಡಗ್ಲಸ್ ಸ್ಟುವರ್ಟ್ ಅವರ 'ಷಗೀ ಬೇನ್' ಕೃತಿಗೆ ಸಂದಿತು. ಪುಣೆಯ ಹಿನ್ನೆಲೆಯ ಕಥೆ ಬರೆದ ಅವನಿ ದೋಷಿ ಅವರೂ ಆ ಪಟ್ಟಿಯಲ್ಲಿದ್ದರು. ಅವರ ಜೊತೆಯಲ್ಲೇ ಕಾಣಿಸಿಕೊಂಡ ಹೆಸರು ಅಮೆರಿಕದ ಬ್ರ್ಯಾಂಡನ್ ಟೇಲರ್ ಅವರದು. ಕಪ್ಪು ಜನಾಂಗಕ್ಕೆ ಸೇರಿದ, ಸಲಿಂಗಪ್ರೇಮಿಯಾದ ಈ ಲೇಖಕ ಆ ಹೊತ್ತಿಗೆ ವಿಜ್ಞಾನದ ಸಂಶೋಧನೆಯನ್ನು ಅರ್ಧಕ್ಕೇ ಬಿಟ್ಟು ಸಾಹಿತ್ಯಕ್ಕೆ ಬಂದವರಾಗಿದ್ದರು.

1989ರಲ್ಲಿ ಜನಿಸಿದ ಟೇಲರ್ ಬೆಳೆದದ್ದು ದಕ್ಷಿಣದ ಅಲಬಾಮಾ ರಾಜ್ಯದ ಗ್ರಾಮೀಣ ಪರಿಸರದಲ್ಲಿ. ರಸಾಯನಶಾಸ್ತ್ರದಲ್ಲಿ ಪದವಿ ಪಡೆದು, ಜೀವರಸಾಯನಶಾಸ್ತ್ರದ ಉನ್ನತ ವ್ಯಾಸಂಗಕ್ಕಾಗಿ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಮ್ಯಾಡಿಸನ್ ಆವರಣ ಸೇರಿದರು. ಅಲ್ಲಿಂದ ಹೊರಟು ಅಯೋವಾದ ಹೆಸರಾಂತ ಬರಹಗಾರರ ಕಾರ್ಯಾಗಾರದಲ್ಲಿ ವಿದ್ಯಾರ್ಥಿಯಾದರು. 'ರಿಯಲ್ ಲೈಫ್' ಕಾದಂಬರಿಯ ಕರಡು ಐದೇ ವಾರಗಳಲ್ಲಿ ಸಿದ್ಧವಾಯಿತೆಂದು ಅವರೇ ಹೇಳಿಕೊಂಡಿದ್ದಾರೆ. 2020ರ ಫೆಬ್ರುವರಿಯಲ್ಲಿ ರಿವರ್‌ಹೆಡ್ ಸಂಸ್ಥೆ ಅದನ್ನು ಪ್ರಕಟಿಸಿತು.

ಕಥೆ ನಡೆಯುವುದು ಬೇಸಿಗೆಯ ಕೊನೆಯ ಒಂದು ವಾರಾಂತ್ಯದಲ್ಲಿ, ಸರೋವರದ ದಂಡೆಯ ವಿಶ್ವವಿದ್ಯಾಲಯದ ಊರೊಂದರಲ್ಲಿ. ನಾಯಕ ವಾಲೇಸ್, ಲೇಖಕರಂತೆಯೇ ಅಲಬಾಮಾದಿಂದ ಬಂದ ಕಪ್ಪು ಯುವಕ, ಸಲಿಂಗಪ್ರೇಮಿ. ಸೂಕ್ಷ್ಮವಾದ ದುಂಡುಹುಳುಗಳನ್ನು ಅಗರ್ ತಟ್ಟೆಗಳಲ್ಲಿ ಸಾಕಿ, ತಳಿ ಬೆಸೆದು, ಅವುಗಳ ವಂಶವಾಹಿಗಳನ್ನು ಅಭ್ಯಸಿಸುವುದು ಅವನ ಕೆಲಸ. ಅವನ ತಂದೆ ತೀರಿಕೊಂಡು ಕೆಲವು ವಾರಗಳಾಗಿವೆ. ಅವನು ಅಂತ್ಯಸಂಸ್ಕಾರಕ್ಕೆ ಹೋಗಿಲ್ಲ, ಸ್ನೇಹಿತರಿಗೂ ವಿಷಯ ತಿಳಿಸಿಲ್ಲ. ಇಂಥ ಹೊತ್ತಿನಲ್ಲಿ ಅವನ ತಟ್ಟೆಗಳಿಗೆ ಬೂಷ್ಟು ಹಿಡಿಯುತ್ತದೆ. ಬೇಸಿಗೆಯುದ್ದಕ್ಕೂ ಪಟ್ಟ ಶ್ರಮ ವ್ಯರ್ಥವಾಗುತ್ತದೆ. ಇದು ಆಕಸ್ಮಿಕವೋ, ಯಾರಾದರೂ ಬೇಕೆಂದೇ ಮಾಡಿದ್ದೋ ಎಂಬ ಅನುಮಾನ ಅವನನ್ನು ಕೊರೆಯುತ್ತದೆ. ಆದರೆ ಹೇಳಿಕೊಂಡರೆ ನಂಬುವವರು ಯಾರು?

ಕಾದಂಬರಿಯ ಜೀವ ಇರುವುದು ಈ ಪ್ರಶ್ನೆಯಲ್ಲೇ. ವಾಲೇಸ್‌ನನ್ನು ಯಾರೂ ಹೊಡೆಯುವುದಿಲ್ಲ, ಹೊರಗೆ ಹಾಕುವುದಿಲ್ಲ. ಅವನ ಸುತ್ತಲಿನ ಗೆಳೆಯರು ಬಹುತೇಕ ಬಿಳಿಯರು, ಸಭ್ಯರು, ತಮ್ಮನ್ನು ಉದಾರಿಗಳೆಂದೇ ತಿಳಿದವರು. ಒಂದು ರಾತ್ರಿಯ ಔತಣದ ಮೇಜಿನಲ್ಲಿ ಒಬ್ಬ ಅತಿಥಿ, ವಾಲೇಸ್ ಇಂಥ ಅವಕಾಶ ಸಿಕ್ಕಿದ್ದಕ್ಕೆ ಕೃತಜ್ಞನಾಗಿರಬೇಕು, ಅವನ ಹಿನ್ನೆಲೆಯಲ್ಲಿ ಕೊರತೆಗಳಿವೆ ಎಂಬ ಅರ್ಥದ ಮಾತಾಡುತ್ತಾನೆ. ಮಾತು ಕ್ರೂರವಾದದ್ದೇ. ಅದಕ್ಕಿಂತ ಕ್ರೂರವಾದದ್ದು ಆಮೇಲಿನ ಮೌನ. ಊಟ ಮುಂದುವರಿಯುತ್ತದೆ. ಗೆಳೆಯರು ತಟ್ಟೆ ನೋಡುತ್ತಾ ಕುಳಿತಿರುತ್ತಾರೆ. ಈ ಅಧ್ಯಾಯ ಓದಿದವರಿಗೆ ತಾವೂ ಎಲ್ಲೋ ಹೀಗೆ ಸುಮ್ಮನೆ ಕುಳಿತಿದ್ದು ನೆನಪಾಗದೆ ಇರದು.

ಮಿಲ್ಲರ್ ಎಂಬ ಗೆಳೆಯನೊಂದಿಗೆ ವಾಲೇಸ್‌ಗೆ ಬೆಳೆಯುವ ಸಂಬಂಧವನ್ನು ಪ್ರೇಮವೆಂದು ಕರೆಯಲು ಹಿಂಜರಿಕೆಯಾಗುತ್ತದೆ. ಅದರಲ್ಲಿ ಆಸರೆಯೂ ಇದೆ, ಹಿಂಸೆಯೂ ಇದೆ. ಬಾಲ್ಯದಲ್ಲಿ ತನ್ನ ಮೇಲೆ ನಡೆದ ಲೈಂಗಿಕ ದೌರ್ಜನ್ಯವನ್ನು ವಾಲೇಸ್ ಅವನಿಗೆ ಹೇಳುವಾಗ, ಅಲ್ಲಿಯವರೆಗೆ ತೃತೀಯ ಪುರುಷದಲ್ಲಿದ್ದ ನಿರೂಪಣೆ ಥಟ್ಟನೆ ಉತ್ತಮ ಪುರುಷಕ್ಕೆ ಹೊರಳುತ್ತದೆ. ಕೃತಿಯ ಅತ್ಯಂತ ಶಕ್ತ ಪುಟಗಳು ಇವು. ಅವುಗಳ ಮುಂದೆ ಟೆನಿಸ್ ಆಟದ, ಕೆಲವು ಹರಟೆಗಳ ದೀರ್ಘ ವಿವರಣೆ ತುಸು ಎಳೆದಂತೆ ತೋರುವುದುಂಟು.

ಟೇಲರ್ ನಡೆದ ದಾರಿಯನ್ನು ಹಿಂದಿನವರು ಕಷ್ಟಪಟ್ಟು ಕಡಿದಿದ್ದರು. ಜೇಮ್ಸ್ ಬಾಲ್ಡ್‌ವಿನ್ 1956ರಲ್ಲಿ 'ಜಿಯೋವನ್ನೀಸ್ ರೂಮ್' ಪ್ರಕಟಿಸಿದಾಗ ಅದರ ಪ್ರಧಾನ ಪಾತ್ರಗಳೆಲ್ಲ ಬಿಳಿಯರೇ ಆಗಿದ್ದರು. ಅವರ ಮೊದಲ ಕಾದಂಬರಿ ತಂದಿದ್ದ ಕ್ನಾಫ್ ಸಂಸ್ಥೆಯೇ ಅದನ್ನು ತಿರಸ್ಕರಿಸಿತ್ತು. 1989ರಲ್ಲಿ ರ‍್ಯಾಂಡಲ್ ಕೆನನ್ ತಮ್ಮ ಚೊಚ್ಚಲ ಕೃತಿ 'ಎ ವಿಸಿಟೇಷನ್ ಆಫ್ ಸ್ಪಿರಿಟ್ಸ್'ನಲ್ಲಿ ಉತ್ತರ ಕೆರೊಲಿನಾದ ಹಳ್ಳಿಯ ಕಪ್ಪು ಹುಡುಗನೊಬ್ಬನ ಒಳಗುದಿಯನ್ನು ಚಿತ್ರಿಸಿದರು. ಕಂಪ್ಯೂಟರ್ ಮಾರಾಟದ ನೌಕರಿ ಬಿಟ್ಟ ಇ. ಲಿನ್ ಹ್ಯಾರಿಸ್ ಅವರದು ಇನ್ನೊಂದೇ ಕಥೆ. 1991ರಲ್ಲಿ ತಮ್ಮ ಮೊದಲ ಕಾದಂಬರಿ 'ಇನ್‌ವಿಸಿಬಲ್ ಲೈಫ್' ಅನ್ನು ಸ್ವಂತ ಹಣದಲ್ಲಿ ಅಚ್ಚುಹಾಕಿಸಿ, ಕಾರಿನ ಡಿಕ್ಕಿಯಲ್ಲಿ ತುಂಬಿಕೊಂಡು, ಅಟ್ಲಾಂಟಾದ ಕಪ್ಪು ಮಹಿಳೆಯರ ಕೇಶಾಲಂಕಾರದ ಅಂಗಡಿಗಳಿಗೆ ಹೊತ್ತು ಮಾರಿದರು. ದೊಡ್ಡ ಪ್ರಕಾಶಕರು ಅವರನ್ನು ಹುಡುಕಿಕೊಂಡು ಬಂದದ್ದು ಆಮೇಲೆ.

ಹಾಗಾದರೆ ಟೇಲರ್ ಅವರ ಹೊಸತೇನು? ಅಮೆರಿಕದ ವಿಶ್ವವಿದ್ಯಾಲಯ ಕಾದಂಬರಿ ಎಂಬುದು ಹಳೆಯ ಪ್ರಕಾರ. ಅದರಲ್ಲಿ ಬಿಳಿಯ ಪ್ರಾಧ್ಯಾಪಕರು, ಬಿಳಿಯ ವಿದ್ಯಾರ್ಥಿಗಳು, ಅವರ ಪ್ರೇಮ, ಕುಡಿತ, ಮತ್ಸರಗಳಿಗೆ ಬರವಿಲ್ಲ. ಅಲ್ಲಿ ಮೂಲೆಯಲ್ಲೂ ಸ್ಥಳವಿಲ್ಲದಿದ್ದವನನ್ನು ಟೇಲರ್ ನಡುಮನೆಗೆ ತಂದು ಕೂರಿಸಿದರು. ಜೊತೆಗೆ ಪ್ರಯೋಗಾಲಯದ ದಿನಚರಿಯನ್ನೂ ತಂದರು. ಸೂಕ್ಷ್ಮದರ್ಶಕದ ಕೆಳಗೆ ಒಂದೊಂದೇ ಹುಳುವನ್ನು ಎತ್ತಿ ಬೇರೆ ತಟ್ಟೆಗೆ ಬಿಡುವ ಕೆಲಸವನ್ನು, ಬಲ್ಲವರಿಗಷ್ಟೇ ಸಾಧ್ಯವಾಗುವ ತಾಳ್ಮೆಯಿಂದ ಅವರು ಬರೆದಿದ್ದಾರೆ.

2021ರಲ್ಲಿ ಬಂದ ಅವರ ಕಥಾಸಂಕಲನ 'ಫಿಲ್ದಿ ಅನಿಮಲ್ಸ್' ಸ್ಟೋರಿ ಪ್ರೈಜ್ ಪಡೆಯಿತು. 2023ರಲ್ಲಿ 'ದಿ ಲೇಟ್ ಅಮೆರಿಕನ್ಸ್', 2025ರಲ್ಲಿ ನ್ಯೂಯಾರ್ಕ್‌ನ ಕಪ್ಪು ಚಿತ್ರಕಾರನೊಬ್ಬನನ್ನು ಕುರಿತ 'ಮೈನರ್ ಬ್ಲ್ಯಾಕ್ ಫಿಗರ್ಸ್' ಪ್ರಕಟವಾದವು.

ಸಂಶೋಧನೆ ಮುಂದುವರಿಸಬೇಕೋ, ಎಲ್ಲ ಬಿಟ್ಟು ಹೊರಡಬೇಕೋ ಎಂದು ವಾಲೇಸ್ ಕಾದಂಬರಿಯುದ್ದಕ್ಕೂ ತೊಳಲಾಡುತ್ತಾನೆ. ಟೇಲರ್ ಹೊರಟರು. ವಾಲೇಸ್ ಏನು ಮಾಡಿದನೆಂಬುದನ್ನು ಕೃತಿ ಹೇಳುವುದಿಲ್ಲ. ಕೊನೆಯ ಅಧ್ಯಾಯ ಹಿಂದಕ್ಕೆ ಸರಿದು, ಅವನು ಆ ಊರಿಗೆ ಹೊಸದಾಗಿ ಬಂದಿಳಿದು, ಇನ್ನೂ ಪರಿಚಯವಾಗದ ಗೆಳೆಯರನ್ನು ಸರೋವರದ ಬಳಿ ಮೊದಲ ಬಾರಿ ಕಾಣುವ ದಿನಕ್ಕೆ ಹೋಗಿ ನಿಲ್ಲುತ್ತದೆ.