ಆಸ್ಪಿರಿನ್ ಅನ್ನೋ ಹೆಸರು ಯಾರದು? (ಹೆಸರಿನ ಲೆಕ್ಕ – ಭಾಗ 6)

ಮನೇಲಿ ಅಜ್ಜನೋ ಅಜ್ಜಿಯೋ ಹಾರ್ಟಿಗೆ ಮಾತ್ರೆ ತಗೋತಿದ್ರೆ ಆ ಸ್ಟ್ರಿಪ್ ತಿರುಗಿಸಿ ನೋಡಿ. ದೊಡ್ಡಕ್ಷರದಲ್ಲಿ ಇಕೋಸ್ಪ್ರಿನ್ ಅಂತಲೋ ಇನ್ನೊಂದು ಬ್ರ್ಯಾಂಡಿನ ಹೆಸರೋ ಇರುತ್ತೆ, ಸಣ್ಣಕ್ಷರದಲ್ಲಿ ಆಸ್ಪಿರಿನ್. ನಮ್ಮಲ್ಲಿ ಅದು ಬರೀ ಔಷಧದ ಹೆಸರು, ಯಾವ ಕಂಪನಿ ಬೇಕಾದ್ರೂ ಬರೀಬಹುದು. ಕೆನಡಾದಲ್ಲಿ ಹಾಗಿಲ್ಲ. ಅಲ್ಲಿ ಆಸ್ಪಿರಿನ್ ಇವತ್ತಿಗೂ ಬೇಯರ್ ಕಂಪನಿಯ ಟ್ರೇಡ್‌ಮಾರ್ಕ್. ಬೇರೆಯವರು ಅದೇ ಮಾತ್ರೆ ಮಾರುವಾಗ ಡಬ್ಬಿ ಮೇಲೆ ಎ.ಎಸ್.ಎ. ಅಂತ ಹಾಕ್ತಾರೆ.

ಒಂದೇ ಪದ ಒಂದು ದೇಶದಲ್ಲಿ ಆಸ್ತಿ, ಇನ್ನೊಂದು ದೇಶದಲ್ಲಿ ಯಾರದೂ ಅಲ್ಲದ ಮಾತು. ಇದು ಹೇಗಾಯ್ತು?

1897ರಲ್ಲಿ ಬೇಯರ್ ಕಂಪನಿಯ ಫೆಲಿಕ್ಸ್ ಹಾಫ್‌ಮನ್ ಈ ರಾಸಾಯನಿಕವನ್ನು ಶುದ್ಧ ರೂಪದಲ್ಲಿ ತಯಾರಿಸಿದ. (ಐಡಿಯಾ ನನ್ನದು ಅಂತ ಅವನ ಸಹೋದ್ಯೋಗಿ ಐಕೆನ್‌ಗ್ರ್ಯೂನ್ ಆಮೇಲೆ ಹೇಳಿದ. ಆ ಜಗಳ ಇನ್ನೂ ಮುಗಿದಿಲ್ಲ, ಇಲ್ಲಿ ಬೇಡ ಬಿಡಿ.) ಆದರೆ ಇದನ್ನು 1853ರಲ್ಲೇ ಒಬ್ಬ ಫ್ರೆಂಚ್ ವಿಜ್ಞಾನಿ ಅಷ್ಟೇನೂ ಶುದ್ಧವಲ್ಲದ ರೂಪದಲ್ಲಿ ಮಾಡಿದ್ದ. ವಸ್ತು ಹೊಸದಲ್ಲ ಅನ್ನೋ ಕಾರಣಕ್ಕೆ ಜರ್ಮನಿಯಲ್ಲಿ ಪೇಟೆಂಟ್ ಸಿಗಲಿಲ್ಲ. ಹಾಗಾಗಿ ಹೆಸರನ್ನಾದರೂ ಭದ್ರ ಮಾಡಿಕೊಳ್ಳಬೇಕಾಯ್ತು. 1899ರ ಮಾರ್ಚ್ 6ರಂದು ಬರ್ಲಿನ್‌ನಲ್ಲಿ ಆಸ್ಪಿರಿನ್ ನೋಂದಣಿ ಆಯ್ತು. ಅಸಿಟೈಲ್‌ನ 'ಅ', ಸ್ಪೈರಿಯಾ ಅನ್ನೋ ಗಿಡದ 'ಸ್ಪಿರ್', ಕೊನೆಗೆ ಔಷಧಗಳಿಗೆ ಅಂಟಿಸುತ್ತಿದ್ದ 'ಇನ್'.

ಅಮೆರಿಕದಲ್ಲಿ ಪೇಟೆಂಟೂ ಸಿಕ್ಕಿತು, 1900ರಿಂದ 1917ರವರೆಗೆ. ಅಲ್ಲಿ ಬೇಯರ್ ಒಂದು ವ್ಯಾಪಾರ ಮಾಡಿತು, ಅದೇ ಮುಂದೆ ತಿರುಗಿಬಿತ್ತು. ಪುಡಿಯನ್ನು ಬೇರೆ ತಯಾರಕರಿಗೆ ಮಾರಿತು, ಅವರು ಮಾತ್ರೆ ಮಾಡಿ ತಮ್ಮ ಲೇಬಲ್ ಹಚ್ಚಿದರು. ಡಬ್ಬಿ ಮೇಲೆ ಆಸ್ಪಿರಿನ್ ಅಂತ ಇತ್ತು, ಬೇಯರ್ ಅಂತ ಇರಲಿಲ್ಲ. ಪೇಟೆಂಟ್ ಮುಗಿಯೋ ಹೊತ್ತಿಗೆ ಎಚ್ಚೆತ್ತುಕೊಂಡು ಮಾತ್ರೆಯನ್ನೂ ತಾನೇ ಮಾರೋಕೆ ಶುರುಮಾಡಿತು. ಅಷ್ಟರಲ್ಲಿ ಜನರ ಬಾಯಲ್ಲಿ ಪದ ಕೂತಿತ್ತು.

ಜೊತೆಗೆ ಯುದ್ಧ ಬಂತು. 1917ರಲ್ಲಿ ಅಮೆರಿಕ ಯುದ್ಧಕ್ಕಿಳಿದ ಮೇಲೆ ಶತ್ರು ದೇಶದವರ ಆಸ್ತಿ ಸರ್ಕಾರದ ವಶಕ್ಕೆ ಹೋಯ್ತು. 1918ರ ಡಿಸೆಂಬರ್‌ನಲ್ಲಿ ನ್ಯೂಯಾರ್ಕ್ ರಾಜ್ಯದ ರೆನ್ಸೆಲೇರ್‌ನಲ್ಲಿದ್ದ ಬೇಯರ್ ಕಾರ್ಖಾನೆಯ ಮೆಟ್ಟಿಲ ಮೇಲೇ ಹರಾಜು. ಸ್ಟರ್ಲಿಂಗ್ ಪ್ರಾಡಕ್ಟ್ಸ್ ಅನ್ನೋ ಕಂಪನಿ ಸುಮಾರು 53 ಲಕ್ಷ ಡಾಲರ್‌ಗೆ ಕೊಂಡುಕೊಂಡಿತು. ಕಟ್ಟಡ, ಯಂತ್ರ ಮಾತ್ರ ಅಲ್ಲ, ಬೇಯರ್ ಅನ್ನೋ ಹೆಸರನ್ನೂ! ನಾವು ಅಕೌಂಟ್ಸ್‌ನಲ್ಲಿ ಗುಡ್‌ವಿಲ್ ಅಂತ ಒಂದು ಸಾಲು ಬರೆದು ಮುಂದೆ ಹೋಗ್ತೀವಲ್ಲ, ಅದರ ಬೆಲೆ ಎಷ್ಟಿರಬಹುದು ಅಂತ ನನಗೆ ಅರ್ಥ ಆಗಿದ್ದು ಈ ಹರಾಜಿನ ಕಥೆ ಓದಿದಾಗ.

ಈಗ ಸ್ಟರ್ಲಿಂಗ್ ಕೈಯಲ್ಲಿದ್ದ ಅಮೆರಿಕದ ಬೇಯರ್, ಆಸ್ಪಿರಿನ್ ಹೆಸರು ಬಳಸುತ್ತಿದ್ದ ಯುನೈಟೆಡ್ ಡ್ರಗ್ ಕಂಪನಿ ವಿರುದ್ಧ ಕೋರ್ಟಿನಲ್ಲಿತ್ತು. 1921ರಲ್ಲಿ ನ್ಯಾಯಾಧೀಶ ಲರ್ನೆಡ್ ಹ್ಯಾಂಡ್ ತೀರ್ಪು ಕೊಟ್ಟರು. ಅವರು ಕೇಳಿಕೊಂಡ ಪ್ರಶ್ನೆ ಬಹಳ ಸರಳ: ಈ ಪದ ಕೇಳಿದಾಗ ಕೊಳ್ಳುವವರಿಗೆ ಏನು ಅರ್ಥ ಆಗುತ್ತೆ? ಡಾಕ್ಟರಿಗೆ, ಔಷಧಿ ಅಂಗಡಿಯವರಿಗೆ ಅದು ಬೇಯರ್ ಮಾಲು ಅಂತ ಗೊತ್ತಿತ್ತು. ಸಾಮಾನ್ಯ ಗಿರಾಕಿಗೆ ಅದು ಬರೀ ತಲೆನೋವಿನ ಮಾತ್ರೆ. ಆ ರಾಸಾಯನಿಕದ ಉದ್ದದ ಹೆಸರು ಅವರಿಗೆಲ್ಲಿ ಗೊತ್ತು? ಹಾಗಾಗಿ ಸಗಟು ಮತ್ತು ವೈದ್ಯರ ಮಟ್ಟದಲ್ಲಿ ಟ್ರೇಡ್‌ಮಾರ್ಕ್ ಉಳಿಯಿತು, ಗಿರಾಕಿಗೆ ಮಾರುವಾಗ ಯಾರು ಬೇಕಾದ್ರೂ ಬಳಸಬಹುದು ಅಂತಾಯ್ತು. ನನಗೆ ಇದು ಜಾಣ ತೀರ್ಪು ಅನ್ಸುತ್ತೆ. ಆದರೆ ಅಂಗಡೀಲಿ ಗಿರಾಕಿ ಬಾಯಲ್ಲಿ ಹೋದ ಹೆಸರು ಪೂರ್ತಿ ಹೋದ ಹಾಗೇ.

(ನಾವು ಕಾಲೇಜ್ ಮುಂದೆ "ನೋಟ್ಸ್ ಜೆರಾಕ್ಸ್ ಮಾಡಿಸ್ಕೊಂಡು ಬಾ" ಅಂತೀವಲ್ವಾ? ಜೆರಾಕ್ಸ್ ಕೂಡ ಒಂದು ಕಂಪನಿಯ ಹೆಸರು. ಅವರಿಗೂ ಇದೇ ಭಯ.)

ಮೂಲ ಬೇಯರ್ ಮಾತ್ರ ದಶಕಗಳ ಕಾಲ ಅಮೆರಿಕದಲ್ಲಿ ತನ್ನದೇ ಹೆಸರಿಗೆ ಪರಕೀಯ. ಕೊನೆಗೆ 1994ರಲ್ಲಿ, ಹರಾಜಾದ 76 ವರ್ಷದ ಮೇಲೆ, ಸ್ಟರ್ಲಿಂಗ್‌ನ ಉತ್ತರ ಅಮೆರಿಕದ ವ್ಯವಹಾರವನ್ನು 100 ಕೋಟಿ ಡಾಲರ್ ಕೊಟ್ಟು ಕೊಂಡಾಗ ಬೇಯರ್ ಹೆಸರು ವಾಪಸ್ ಬಂತು. ಅಮೆರಿಕದಲ್ಲಿ ಆಸ್ಪಿರಿನ್ ಅನ್ನೋ ಪದ ಮಾತ್ರ ಬರಲಿಲ್ಲ.

ಒಂದೇ ಸಲ ಎಲ್ಲಾ ದೇಶಗಳಲ್ಲೂ ನೋಂದಣಿ ಮಾಡಿಸೋ ದಾರಿ ಇರಲಿಲ್ವಾ ಅಂತ ಕೇಳಬಹುದು. 1891ರಲ್ಲೇ ಮ್ಯಾಡ್ರಿಡ್ ಒಪ್ಪಂದ ಆಗಿತ್ತು. ಜರ್ಮನಿ ಸೇರಿದ್ದು 1922ರಲ್ಲಿ, ಅಮೆರಿಕ ಈ ವ್ಯವಸ್ಥೆಗೆ ಬಂದಿದ್ದು 2003ರಲ್ಲಿ, ಭಾರತ 2013ರ ಜುಲೈ 8ಕ್ಕೆ. ಈಗ ನೀವು ನಿಮ್ಮ ಉಪ್ಪಿನಕಾಯಿ ಬ್ರ್ಯಾಂಡನ್ನೋ ಸೀರೆ ಪೇಜನ್ನೋ ಇಲ್ಲಿ ನೋಂದಣಿಗೆ ಹಾಕಿ, ಅದರ ಆಧಾರದ ಮೇಲೆ ಒಂದೇ ಅರ್ಜಿಯಲ್ಲಿ ಹಲವು ದೇಶ ಕೇಳಬಹುದು. ಆದರೆ ಅರ್ಜಿ ಒಂದೇ ಆದ್ರೂ ತೀರ್ಮಾನ ಒಂದಲ್ಲ, ಪ್ರತಿ ದೇಶದ ಕಚೇರಿ ತನ್ನ ಕಾನೂನಿನ ಪ್ರಕಾರ ಹೂಂ ಅಥವಾ ಉಹೂಂ ಅನ್ನುತ್ತೆ. ಇನ್ನೊಂದು ವಿಷಯ, ಮೊದಲ 5 ವರ್ಷದೊಳಗೆ ಇಲ್ಲಿನ ಮೂಲ ನೋಂದಣಿ ಬಿದ್ದುಹೋದರೆ ಅದರ ಮೇಲೆ ಪಡೆದ ಹೊರದೇಶದ ನೋಂದಣಿಗಳೂ ಬೀಳುತ್ತವೆ.

ಮುಂದಿನ ಭಾಗ ಬಡ್‌ವೈಸರ್: ಚೆಕ್ ದೇಶದ ಒಂದು ಊರು, ಅಮೆರಿಕದ ಒಂದು ಕಂಪನಿ, ನೂರು ವರ್ಷ ದಾಟಿದ ವ್ಯಾಜ್ಯ. ಸೇವ್ ಮಾಡ್ಕೊಳ್ಳಿ, ಭಾನುವಾರ ಹಾಕ್ತೀನಿ.

#ಹೆಸರಿನಲೆಕ್ಕ #ಟ್ರೇಡ್‌ಮಾರ್ಕ್ #ಬಿಕಾಂ